ಪರದೆಯ ಬಾವಲಿ, ಪಂಜರದ ಫಿಂಚು

ಹೈದರಾಬಾದಿನ ನಾಂಪಲ್ಲಿಯ ಎಕ್ಸಿಬಿಷನ್ನಿಗೆ ಹೋದವರಿಗೆ ಗೊತ್ತಿರುತ್ತದೆ, ಅಲ್ಲಿ ಮಿರ್ಚಿಯ ವಾಸನೆ ಮೂಗಿಗೆ ಮುಟ್ಟುವ ಮೊದಲೇ ಪೀಪಿಯ ಸದ್ದು ಕಿವಿಗೆ ಮುಟ್ಟುತ್ತದೆ. ಈ ವರ್ಷ ಜನವರಿಯಲ್ಲಿ ಹೋದಾಗ ಗೇಟಿನ ಬಳಿ ಒಬ್ಬಾತ ರಬ್ಬರಿನ ಪೀಪಿಯೊಂದನ್ನು ಹಿಸುಕಿ ಹಿಸುಕಿ ‘ಪೀಂ, ಪೀಂ’ ಅನ್ನಿಸುತ್ತಿದ್ದ. ನಾನು ತಟಕ್ಕನೆ ತಲೆ ಎತ್ತಿ ಮೇಲೆ ನೋಡಿದೆ. ಜೊತೆಗಿದ್ದ ಹೆಂಡತಿ, ‘ಮ್ಯಾಲ ಏನ್ ನೋಡ್ತೀರಿ?’ ಎಂದಳು. ‘ಪಂಜರ’ ಎಂದೆ. ಆಕೆ ನನ್ನ ಕೈಹಿಡಿದು ಸಾಕಷ್ಟು ವರ್ಷಗಳಾಗಿರುವುದರಿಂದ ಮತ್ತೇನೂ ಕೇಳದೆ ಬಳೆ ಅಂಗಡಿಯ ಕಡೆ ನಡೆದುಬಿಟ್ಟಳು. ನೀವು ಹಾಗೆ ನಡೆದುಬಿಡಬೇಡಿ. ಒಂದು ಗಳಿಗೆ ನಿಲ್ಲಿ, ಹೇಳುತ್ತೇನೆ.

ಅದು ಫಿಂಚ್ ಎಂಬ ಹಕ್ಕಿಯ ದನಿ. ಹಕ್ಕಿ ಎಂದ ಕೂಡಲೇ ಇಂಪಾದ ಕಂಠವನ್ನು ಕಲ್ಪಿಸಿಕೊಂಡಿದ್ದರೆ ಈಗಲೇ ಬಿಟ್ಟುಬಿಡಿ. ಗುಬ್ಬಿಗಿಂತ ಚಿಕ್ಕದು, ಬೂದು ಮೈ, ಕಿತ್ತಳೆ ಕೊಕ್ಕು, ಕಣ್ಣಿನ ಕೆಳಗೆ ಕಾಡಿಗೆ ಇಳಿದಂಥ ಒಂದು ಕಪ್ಪು ಗೆರೆ. ನೋಡಿದರೆ ಮುದ್ದು ಬರುತ್ತದೆ. ಬಾಯಿ ತೆರೆದರೆ ರಬ್ಬರ್ ಪೀಪಿ. ಇಂಥ ಎರಡು ಪೀಪಿಗಳು ಮಿಯಾಪುರದ ನಮ್ಮ ಮನೆಯ ಬಾಲ್ಕನಿಯಲ್ಲಿ ಒಂದು ಮಳೆಗಾಲವಿಡೀ ತೂಗಾಡಿದವು. ಅವುಗಳಿಂದ ಎರಡು ಮೊಳ ದೂರದಲ್ಲಿ, ಸುರುಳಿ ಸುತ್ತಿ ಕಟ್ಟಿದ ಬಿದಿರಿನ ಪರದೆಯೊಳಗೆ, ಒಂದು ಬಾವಲಿ ಇತ್ತು. ಇವೆರಡರ ನಡುವೆ ಸಿಕ್ಕು ನಮ್ಮ ಮನೆ ಒದ್ದಾಡಿದ್ದು ಯಾವ ಶತ್ರುವಿಗೂ ಬೇಡ.

ಆಗ ಹೈದರಾಬಾದಿಗೆ ಸಾಫ್ಟ್‌ವೇರ್ ಎಂಬುದು ಹೊಸದಾಗಿ ಬಂದು, ಊರಾಚೆಯ ಬಂಡೆಗಳನ್ನೆಲ್ಲ ಸಿಡಿಸಿ ಅಪಾರ್ಟ್‌ಮೆಂಟು ಎಬ್ಬಿಸುತ್ತಿದ್ದ ಕಾಲ. ನಮ್ಮದು ಮೂಲದಲ್ಲಿ ಲಿಂಗಸೂಗೂರಿನ ಕಡೆ. ಅಜ್ಜ ನಿಜಾಮರ ಸರ್ಕಾರದಲ್ಲಿ ಗುಮಾಸ್ತ, ಅಪ್ಪ ಆಮೇಲಿನ ಸರ್ಕಾರದಲ್ಲಿ ಗುಮಾಸ್ತ, ನಾನು ನಾಂಪಲ್ಲಿಯ ಒಂದು ಕಚೇರಿಯಲ್ಲಿ ಗುಮಾಸ್ತ. ಸರ್ಕಾರಗಳು ಬದಲಾದವೇ ಹೊರತು ನಮ್ಮ ಕುರ್ಚಿಯ ಎತ್ತರ ಬದಲಾಗಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಬಂದ ಹಣದಲ್ಲಿ ಅವ್ವ ಒಂದು ಫ್ಲ್ಯಾಟು ತೆಗೆದುಕೊಳ್ಳುವ ಗಟ್ಟಿ ಮನಸ್ಸು ಮಾಡಿದಳು. ನನಗಿನ್ನೂ ಮದುವೆಯಾಗಿರಲಿಲ್ಲ, ಆದ್ದರಿಂದ ನನ್ನ ಅಭಿಪ್ರಾಯ ಕೇಳುವವರು ಯಾರೂ ಇರಲಿಲ್ಲ.

ಫ್ಲ್ಯಾಟು ಕೊಳ್ಳುವಾಗ ಅವ್ವನಿಗೂ ಬಿಲ್ಡರನಿಗೂ ಒಂದು ಜಗಳ ಬಿತ್ತು. ಆತ ಬಾಲ್ಕನಿಯ ಅಳತೆಯನ್ನೂ ಮನೆಯ ಅಳತೆಗೆ ಸೇರಿಸಿದ್ದ. ಅವ್ವ, ‘ಮಳಿ ಬಂದ್ರ ತೋಯ್ಸಿಕೊಳ್ಳೋ ಜಾಗಾ ಮನಿ ಹೆಂಗ ಆಗತೈತ್ರಿ? ನಾ ಬಾಗಲಾ ಎಲ್ಲಿ ಹಾಕ್ತೀನೋ, ಅಲ್ಲಿಗೆ ನನ್ನ ಮನಿ ಮುಗೀತು’ ಎಂದು ಪಟ್ಟು ಹಿಡಿದಳು. ಆತ ನಗುತ್ತ, ‘ಬಾಲ್ಕನೀ ಕೂಡಾ ಇಂಟ್ಲೋನೇ ಲೆಕ್ಕಮ್ಮಾ’ ಎಂದು, ಬಾಲ್ಕನಿಯೂ ಮನೆಯೊಳಗಿನದೇ ಲೆಕ್ಕವೆಂದು ತೆಲುಗಿನಲ್ಲಿ ತೀರ್ಪು ಕೊಟ್ಟ. ಅವ್ವ ಸೋತಳು. ಸೋತ ಸಿಟ್ಟಿಗೆ ಆ ಬಾಲ್ಕನಿಯನ್ನು ಪೂರಾ ಬಳಸಿಯೇ ತೀರುತ್ತೇನೆಂದು ಅಲ್ಲಿ ತುಳಸಿ, ಒಣಮೆಣಸಿನಕಾಯಿಯ ಡಬ್ಬ, ಹಳೆಯ ಮಂಚ, ಬಿಸಿಲಿಗೆ ಬಿದಿರಿನ ಪರದೆ, ಎಲ್ಲವನ್ನೂ ತುಂಬಿದಳು.

ನಮ್ಮ ನೆತ್ತಿಯ ಮೇಲಿನ ಫ್ಲ್ಯಾಟಿನಲ್ಲಿ ಕಾಲ್ ಸೆಂಟರಿನ ಹುಡುಗರಿದ್ದರು. ನಾನು ಟಿಫಿನ್ ಡಬ್ಬಿ ಹಿಡಿದು ಬಸ್ಸಿಗೆ ಹೊರಟಾಗ ಅವರು ಸುಮೋದಿಂದ ಇಳಿದು ಕಣ್ಣುಜ್ಜುತ್ತ ಮಲಗಲು ಹೋಗುತ್ತಿದ್ದರು. ನಾನು ವಾಪಸು ಬಂದು ಚಹಾ ಕುಡಿಯುವಾಗ ಅವರು ಸ್ನಾನ ಮಾಡಿ, ಪೌಡರ್ ಹಚ್ಚಿ, ದಿನ ಶುರುಮಾಡುತ್ತಿದ್ದರು. ಅವರನ್ನು ಕಂಡರೆ ಕಾಲನಿಯ ಹೆಂಗಸರಿಗೆ ಅದೇನೋ ಅಪಶಕುನ. ಹಗಲು ಮಲಗುವವರು ಸಂಭಾವಿತರಾಗಿರಲು ಸಾಧ್ಯವೇ ಎಂಬುದು ಅವರ ಪ್ರಶ್ನೆ. ಬಾವಲಿಯ ವಿಷಯದಲ್ಲೂ ಲೋಕದ ತಕರಾರು ಹೆಚ್ಚುಕಡಿಮೆ ಇಷ್ಟೇ ಎಂದು ನನಗೆ ಹೊಳೆದದ್ದು ಆಮೇಲೆ.

ಈಗ ಸುಮಿಯ ವಿಷಯ ಹೇಳಬೇಕು. ಸುಮಿತ್ರಾ ನನ್ನ ತಂಗಿ. ಗಂಡ ವೀರೇಶ, ಪಟಾನ್‌ಚೆರುವಿನ ಔಷಧಿ ಕಾರ್ಖಾನೆಯಲ್ಲಿ ಶಿಫ್ಟಿನ ಕೆಲಸ. ಅವರಿಬ್ಬರೂ ಇದ್ದದ್ದು ಕಾರ್ಖಾನೆಯ ಹತ್ತಿರದ ಒಂದೇ ಕೋಣೆಯ ಮನೆಯಲ್ಲಿ. ಸುಮಿಗೆ ಎರಡು ಸಲ ಗರ್ಭ ನಿಂತು ಎರಡು ಸಲವೂ ಉಳಿಯಲಿಲ್ಲ. ಎರಡನೆಯ ಸಲವಂತೂ ಆಕೆ ವಾರಗಟ್ಟಲೆ ಯಾರ ಜೊತೆಗೂ ಮಾತಾಡಲಿಲ್ಲ. ಮೂರನೆಯದು ನಿಂತಾಗ ಡಾಕ್ಟರಮ್ಮ, ಮಂಚ ಬಿಟ್ಟು ಇಳಿಯಬಾರದು, ದೂರದ ಪ್ರಯಾಣದ ಮಾತೇ ಬೇಡ ಎಂದರು. ಆ ಕಾರ್ಖಾನೆಯ ಹೊಗೆಯಲ್ಲಿ ಬೇಡವೇ ಬೇಡ ಎಂದೂ ಸೇರಿಸಿದರು. ಹೀಗಾಗಿ ಬಾಣಂತನಕ್ಕೆ ಬರಬೇಕಾದವಳು ಬಸುರಿಯಾಗಿ ನಾಲ್ಕು ತಿಂಗಳಿಗೇ ತವರಿಗೆ ಬಂದಳು. ಗಾಳಿ ಬರಲಿ ಎಂದು ಬಾಲ್ಕನಿಯ ಬಾಗಿಲ ಪಕ್ಕಕ್ಕೇ ಆಕೆಯ ಮಂಚ ಹಾಕಿದೆವು.

ಇಡೀ ದಿನ ಅಂಗಾತ ಮಲಗುವವರಿಗೆ ಹೊತ್ತು ಹೋಗುವುದು ಹೇಗೆ? ವೀರೇಶ ಒಂದು ಭಾನುವಾರ ಹಳೇ ಶಹರದ ಹಕ್ಕಿ ಬಜಾರಿಗೆ ಹೋಗಿ ಫಿಂಚುಗಳ ಜೋಡಿಯನ್ನು ಪಂಜರಸಮೇತ ತಂದ. ಒಂದರ ಕೆನ್ನೆಯ ಮೇಲೆ ದುಂಡಗೆ ಕಿತ್ತಳೆ ಬಣ್ಣದ ಬೊಟ್ಟು. ಅದು ಗಂಡು, ಇನ್ನೊಂದು ಹೆಣ್ಣು. ‘ಅಂಗಡಿಯಾಂವ ಗ್ಯಾರಂಟಿ ಕೊಟ್ಟಾನ್ರಿ’ ಎಂದ ವೀರೇಶ. ಹಕ್ಕಿಗೆ ಗ್ಯಾರಂಟಿ ಕೊಡುವ ಊರು ಇದೊಂದೇ ಇರಬೇಕು.

ಅವ್ವನಿಗೆ ಆ ಜೋಡಿ ಕಂಡು ಹಿಗ್ಗೋ ಹಿಗ್ಗು. ಲಿಂಗಸೂಗೂರಿನ ಕಾಕಾ ಕಳಿಸಿದ್ದ ನವಣೆಯನ್ನು ನಮಗೆ ಅನ್ನ ಮಾಡಿ ಹಾಕುವುದು ನಿಲ್ಲಿಸಿ ಅವುಗಳಿಗೆ ಮೀಸಲಿಟ್ಟಳು. ಪಂಜರದಲ್ಲಿ ಒಂದು ಪುಟ್ಟ ಗಡಿಗೆ ಕಟ್ಟಿದೆವು. ಅವು ಅದರೊಳಕ್ಕೆ ಕಸಬರಿಗೆಯ ಕಡ್ಡಿ ಸಾಗಿಸತೊಡಗಿದ್ದೇ ತಡ, ಅವ್ವ ಕೈಮುಗಿದು, ‘ಸುಮಿ, ಇವು ಮರಿ ಮಾಡಿದ್ರ ನಿನ್ನ ಕೂಸಿಗೆ ಏನೂ ಆಗೂದಿಲ್ಲ ನೋಡು. ನನ್ನ ಮನಸ ಹೇಳಾಕತ್ತೈತಿ’ ಎಂದಳು. ಹೇಳಬಾರದಿತ್ತು. ಹೇಳಿದ ಮೇಲೆ ನಾವೆಲ್ಲ ಬೆಳಗಾದರೆ ಆ ಗಡಿಗೆಯೊಳಗೆ ಇಣುಕುವವರೇ ಆದೆವು.

ಬಾವಲಿಯನ್ನು ಕಂಡುಹಿಡಿದದ್ದು ಸುಮಿ. ಒಂದು ಸಂಜೆ ನಾನು ಕಚೇರಿಯಿಂದ ಬಂದು ಬೂಟು ಬಿಚ್ಚುತ್ತಿದ್ದಾಗ ಮೆಲ್ಲಗೆ ಕರೆದಳು. ‘ಅಣ್ಣಾ, ಆ ಪರದಿಯೊಳಗಿಂದ ಒಂದು ಒಣಗಿದ ಎಲಿ ಬಿತ್ತು.’

‘ಬಿದ್ರ ಬೀಳಲಿ.’

‘ಬಿದ್ದದ್ದು ಕೆಳಗ ಬರಲಿಲ್ಲೋ. ಮ್ಯಾಲ ಹೋತು!’

ಮರುದಿನ ಟಾರ್ಚು ಹಿಡಿದು ಸುರುಳಿಯೊಳಗೆ ಇಣುಕಿದೆ. ಹುಣಸೆ ಹಣ್ಣಿನ ತುಂಡಿನಂಥ ಕಂದು ಮುದ್ದೆಯೊಂದು ತಲೆಕೆಳಗಾಗಿ ನೇತಾಡುತ್ತಿತ್ತು. ಟಾರ್ಚಿನ ಬೆಳಕಿಗೆ ಅದು ಮುಖ ಎತ್ತಿತು, ಅಂದರೆ ಇಳಿಸಿತು. ಎಳ್ಳಿನಷ್ಟು ಕಣ್ಣು, ಮುಖಕ್ಕಿಂತ ದೊಡ್ಡ ಕಿವಿ, ಸಿಡುಕಿನ ಮೂತಿ. ನಮ್ಮ ಕಚೇರಿಯ ಹಿರಿಯ ಸೂಪರಿಂಟೆಂಡೆಂಟರ ಮುಖ ನೆನಪಾಗಿ ನಾನು ಟಾರ್ಚು ಆರಿಸಿದೆ.

ಅಲ್ಲಿಂದ ನನಗೂ ಸುಮಿಗೂ ಒಂದು ಹುಚ್ಚು ಹತ್ತಿತು, ಇವೆರಡನ್ನೂ ಹೋಲಿಸುವ ಹುಚ್ಚು. ಮಂಚದ ಮೇಲೆ ಮಲಗಿ ಆಕೆ ನೋಡಿದ್ದನ್ನು ಹೇಳುವುದು, ನಾನು ಬಸ್‌ಸ್ಟಾಪಿನ ಹತ್ತಿರದ ಸೈಬರ್ ಕೆಫೆಗೆ ಹೋಗಿ ಅದು ನಿಜವೇ ಎಂದು ನೋಡಿಕೊಂಡು ಬರುವುದು. ಆಗಿನ ಇಂಟರ್‌ನೆಟ್ಟು ಹೇಗಿತ್ತೆಂದರೆ ಒಂದು ಚಿತ್ರ ಮೇಲಿನಿಂದ ಕೆಳಕ್ಕೆ ಇಷ್ಟಿಷ್ಟೇ ಬಿಚ್ಚಿಕೊಳ್ಳುತ್ತಿತ್ತು. ಬಾವಲಿಯ ಚಿತ್ರ ತೆರೆದರೆ ಮೊದಲು ಕಾಲು ಬಂತು, ಆಮೇಲೆ ಹೊಟ್ಟೆ, ಕಟ್ಟಕಡೆಗೆ ಮುಖ. ಅಕ್ಕಪಕ್ಕದವರು ಅಮೆರಿಕದ ನೌಕರಿ ಹುಡುಕುತ್ತಿದ್ದರು. ನಾನು ಬಾವಲಿಯ ಮೂತಿಗೆ ಕಾಯುತ್ತಿದ್ದೆ.

ಏನೇನು ಗೊತ್ತಾಯಿತು ಎನ್ನುತ್ತೀರಿ! ನಮ್ಮ ಬಾವಲಿ ಆ ಜಾತಿಯಲ್ಲೇ ತೀರ ಸಣ್ಣದು, ಊರ ಮನೆಗಳ ಸಂದುಗೊಂದುಗಳಲ್ಲೇ ಇರುವಂಥದು. ಗುಬ್ಬಿಗಿಂತ ಚಿಕ್ಕದಾದ ಫಿಂಚನ್ನು ಅದರ ಪಕ್ಕ ಇಟ್ಟರೆ ಫಿಂಚೇ ದಢೂತಿ. ಆದರೆ ರೆಕ್ಕೆ ಬಿಚ್ಚಿತೆಂದರೆ ಈ ಹುಣಸೆ ತುಂಡು ಅಂಗೈಯಗಲ ಮೀರುತ್ತದೆ. ಫಿಂಚಿನ ರೆಕ್ಕೆ ಗರಿಯದು. ಬಾವಲಿಯದು ಕೈ. ನಮ್ಮ ಹಾಗೇ ಬೆರಳುಗಳಿವೆ, ಬೆರಳಿನ ನಡುವೆ ತೊಗಲು ಹಿಗ್ಗಿದೆ, ಹೆಬ್ಬೆರಳು ಮಾತ್ರ ಕೊಕ್ಕೆಯಾಗಿ ಹೊರಗುಳಿದಿದೆ. ಫಿಂಚು ನಮ್ಮ ಬಾಲ್ಕನಿ ಹಾರಿಹೋಗುವಷ್ಟು ಕಿರುಚುತ್ತದೆ. ಬಾವಲಿ ಅದಕ್ಕಿಂತ ಜೋರಾಗಿ ಕಿರುಚುತ್ತದಂತೆ, ಆದರೆ ಆ ದನಿ ನಮ್ಮ ಕಿವಿಯ ಅಳವಿಗೆ ಮೀರಿದ್ದು. ‘ಹಂಗಾದ್ರ ದಿನಾ ಸಂಜಿಕ ಅದು ನನ್ನ ತಲಿ ಮ್ಯಾಲ ಚೀರಾಕತ್ತೈತಿ, ನಾನು ಸುಮ್ಮನ ಐತಿ ಅಂತ ತಿಳಕೊಂಡೀನಿ’ ಎಂದು ಸುಮಿ ಬೆರಗಾದಳು. ತಿಂಗಳುಗಟ್ಟಲೆ ಆಕೆಯ ಮುಖದಲ್ಲಿ ಅಂಥ ಕಳೆ ನೋಡಿರಲಿಲ್ಲ. ಆ ಒಂದು ಕಾರಣಕ್ಕೇ ನಾನು ಸೈಬರ್ ಕೆಫೆ ಬಿಡಲಿಲ್ಲ.

ಇನ್ನೊಂದು ಮಜಾ ನೋಡಿ. ಫಿಂಚಿನ ಮೂಲ ಆಸ್ಟ್ರೇಲಿಯಾ. ಬಾವಲಿ ಇಲ್ಲಿಯದೇ. ಈ ಊರಿನಲ್ಲಿ ಸ್ಥಳೀಯರಿಗೆ ಮುಲ್ಕಿ, ಹೊರಗಿನವರಿಗೆ ಗೈರ್ ಮುಲ್ಕಿ ಎನ್ನುತ್ತಾರೆ. ಎಲ್ಲಿಯದೋ ಗೈರ್ ಮುಲ್ಕಿಗೆ ಪಂಜರ, ಗಡಿಗೆ, ನವಣೆ, ಅವ್ವನ ನಮಸ್ಕಾರ. ಬಂಡೆ ಒಡೆಯುವ ಮೊದಲಿನಿಂದಲೂ ಇಲ್ಲೇ ಇದ್ದ ಮುಲ್ಕಿ ಮಾತ್ರ ಪರದೆಯ ಸುರುಳಿಯಲ್ಲಿ ಕದ್ದು ಬದುಕಬೇಕು. ಅದೂ ಪುಕ್ಕಟೆಯಲ್ಲ, ನಮ್ಮ ಸೊಳ್ಳೆ ತಿಂದು.

ಸಂಜೆ ಅವ್ವ ಪಂಜರಕ್ಕೆ ಬಟ್ಟೆ ಹೊದಿಸುವ ಹೊತ್ತಿಗೇ ಆ ಕಡೆ ಬಾವಲಿ ಮೈ ಮುರಿಯುತ್ತಿತ್ತು. ಪಟಾನ್‌ಚೆರುವಿನ ಕಾರ್ಖಾನೆಯಲ್ಲಿ ಶಿಫ್ಟು ಬದಲಾದ ಹಾಗೆ ಇವರು ಒಳಗೆ, ಅವರು ಹೊರಗೆ. ನಾನು ಫಿಂಚಿನ ಕಡೆಯವನೆಂಬುದು ನನಗೆ ಸ್ಪಷ್ಟವಿತ್ತು. ಬೆಳಗಾದರೆ ಎದ್ದು, ಗೊತ್ತಾದ ಕೋಲಿನ ಮೇಲೆ ಕೂತು, ಹಾಕಿದ ಕಾಳು ತಿಂದು, ಕತ್ತಲಾದರೆ ಮುಸುಕು. ಮೇಲಿನ ಮನೆಯ ಹುಡುಗರನ್ನು ಅದುವರೆಗೆ ನಾನೂ ಓರೆಗಣ್ಣಿನಿಂದಲೇ ನೋಡುತ್ತಿದ್ದೆ. ಆಮೇಲೆ ಎದುರು ಸಿಕ್ಕರೆ ಗುಡ್ ಮಾರ್ನಿಂಗ್ ಹೇಳತೊಡಗಿದೆ, ಅವರಿಗೆ ಅದು ಗುಡ್ ನೈಟ್ ಆಗಿದ್ದರೂ.

ಇಷ್ಟರವರೆಗೆ ಅವ್ವನಿಗೆ ಸುದ್ದಿ ತಿಳಿದಿರಲಿಲ್ಲ. ಕನ್ನಡಕ ಹಾಕದ ಆಕೆಗೆ ಸಂಜೆ ಪರದೆಯಿಂದ ಹೊರಡುವುದು ಕಾಣುತ್ತಿರಲಿಲ್ಲ. ಹೇಳಿ ಕೆಡಿಸಿದವನು ನಾನೇ. ಊಟಕ್ಕೆ ಕೂತಾಗ ಸೈಬರ್ ಕೆಫೆಯ ಜ್ಞಾನ ಹೊಟ್ಟೆಯಲ್ಲಿ ಕರಗದೆ, ‘ಅವ್ವಾ, ಬಾವಲಿ ಹಕ್ಕಿ ಅಲ್ಲಂತ. ಮರಿಗೆ ಹಾಲು ಕುಡಸ್ತೈತಂತ’ ಎಂದೆ.

‘ಹಾರೂದು ಹಾಲು ಕುಡಸ್ತೈತೇನೋ, ಹುಚ್ಚಪ್ಪಾ? ಎಲ್ಲಿ ನೋಡಿದಿ?’

‘ಇಲ್ಲೇ, ನಮ್ಮ ಬಾಲ್ಕನ್ಯಾಗ ಐತಲ್ಲ...’

ಸುಮಿ ಕಣ್ಣು ಮುಚ್ಚಿಕೊಂಡಳು. ಅವ್ವನ ಕೈಯ ರೊಟ್ಟಿ ತಾಟಿಗೆ ಬಿತ್ತು. ‘ಯವ್ವಾ ಶಿವನ! ತೊಗಲಬಾವಲಿ ಮನಿ ಹೊಕ್ಕೈತೇನು? ಅದು ಹೊಕ್ಕ ಮನ್ಯಾಗ ಬಸುರಿ ಇರಬಾರದೋ ನನ್ನಪ್ಪಾ!’

ಆ ಮನೆಯನ್ನು ಕೆಲವು ತಿಂಗಳು ಬಿಟ್ಟು ಹೋಗಬೇಕು, ಶಾಂತಿ ಮಾಡಿಸಿ ಆಮೇಲೆ ಬರಬೇಕು, ಇಲ್ಲದಿದ್ದರೆ ಮನೆಯಲ್ಲಿ ಕೂಸು ನಿಲ್ಲುವುದಿಲ್ಲ ಎಂಬುದು ನಮ್ಮ ಕಡೆಯ ನಂಬಿಕೆ. ಬಾವಲಿಯನ್ನೇ ಓಡಿಸಿದರಾಯಿತಲ್ಲ ಎನ್ನುತ್ತೀರಿ. ವೀರೇಶನೂ ಅದನ್ನೇ ಹೇಳಿದ. ಬೇವಿನ ಹೊಗೆ ಹಾಕೋಣ, ಪರದೆ ಬಿಚ್ಚಿ ಝಾಡಿಸೋಣ ಎಂದ. ಅವ್ವ ಅವನ ಕೈ ಹಿಡಿದಳು. ‘ಬ್ಯಾಡ್ರಿ ಅಳಿಯಂದಿರ! ಬಸುರಿ ಇದ್ದ ಮನ್ಯಾಗ ಯಾವ ಜೀವದ ಗೂಡೂ ಕೆಡಸಬಾರದು. ಅದರಾಗ ಬಸುರಿ ಗಂಡ, ನೀವಂತೂ ಇರುವಿನೂ ತುಳೀಬ್ಯಾಡ್ರಿ.’ ಇದೂ ನಮ್ಮ ಕಡೆಯ ನಂಬಿಕೆಯೇ. ಒಂದು ನಂಬಿಕೆಯ ಪ್ರಕಾರ ಬಾವಲಿ ಇರಕೂಡದು, ಇನ್ನೊಂದರ ಪ್ರಕಾರ ಅದನ್ನು ಕಳಿಸಕೂಡದು. ಎರಡನ್ನೂ ಅಷ್ಟೇ ಗಟ್ಟಿಯಾಗಿ ನಂಬಿದ್ದ ಅವ್ವ ಊಟ ಬಿಟ್ಟು ಕೂತಳು.

ಕೊನೆಗೆ ಲಿಂಗಸೂಗೂರಿಗೆ, ನಮ್ಮ ಮನೆತನದ ಅಯ್ಯನವರಿಗೆ ಫೋನು ಹೋಯಿತು. ಮದುವೆ, ಮನೆ, ತೊಟ್ಟಿಲು, ಏನೇ ಇದ್ದರೂ ನಮಗೆ ಅವರ ಮಾತೇ ಕೊನೆ. ಅವರು ಎಲ್ಲ ಕೇಳಿ ಒಂದೇ ಪ್ರಶ್ನೆ ಹಾಕಿದರು. ‘ಅದು ಮನಿ ಒಳಗೈತೋ, ಹೊರಗೈತೋ? ಹೊರಗಿದ್ರ ದೋಷ ಇಲ್ಲ.’

ಫೋನಿನ ಪಕ್ಕದಲ್ಲೇ ಕಿವಿಗೊಟ್ಟಿದ್ದ ನಾನು ನಡುವೆ ಬಾಯಿ ಹಾಕಿದೆ. ‘ಹೊರಗ, ಹೊರಗ! ಬಾಲ್ಕನಿ ಹೊರಗಲ್ಲೇನವ್ವಾ? ನೀನ ಜಗಳಾಡಿದ್ದಿಯಲ್ಲ, ತೋಯ್ಸಿಕೊಳ್ಳೋ ಜಾಗಾ ಮನಿ ಅಲ್ಲ ಅಂತ!’

ಅವ್ವ ಫೋನಿಗೆ ಅಂಗೈ ಅಡ್ಡ ಹಿಡಿದಳು. ‘ಜಗಳಾ ಆಡಿದ್ದು ಖರೇ. ಸೋತದ್ದೂ ಖರೇ ಅಲ್ಲೇನು? ರೊಕ್ಕಾ ಕೊಟ್ಟು ಒಳಗ ಅಂತ ತೊಗೊಂಡೀವಿ. ಈಗ ದೇವರ ಮುಂದ ಹೊರಗ ಅಂತ ಹೆಂಗ ಹೇಳಲಿ?’ ಎಂದು ಫೋನಿನಲ್ಲಿ, ‘ಒಳಗ ಐತ್ರಿ’ ಎಂದುಬಿಟ್ಟಳು. ಬಿಲ್ಡರನ ಅಳತೆ ಶಾಸ್ತ್ರದ ಅಳತೆಯಾದದ್ದು ಹೀಗೆ.

ಹಾಗಾದರೆ ಕೂಸು ಆ ಮನೆಗೆ ಬರಬಾರದು, ತಿಂಗಳು ತುಂಬುವ ಮೊದಲು ಹುಡುಗಿಯನ್ನು ಲಿಂಗಸೂಗೂರಿಗೆ ಕರೆದುಕೊಂಡು ಬನ್ನಿ ಎಂದರು ಅಯ್ಯನವರು. ಕೂಸು ಹುಟ್ಟುವುದು ದವಾಖಾನೆಯಲ್ಲಿ, ಮನೆಯಲ್ಲಲ್ಲ ಎಂದು ನಾನು ವಾದ ಹೂಡಿದೆ. ‘ಹುಟ್ಟಿದ ಮ್ಯಾಲ ಎಲ್ಲಿಗೆ ತರ್ತಿ? ಕಚೇರಿಗೇನು?’ ಎಂದಳು ಅವ್ವ. ಹೈದರಾಬಾದಿನಲ್ಲೇ ಒಂದು ಬಾಡಿಗೆ ಮನೆಗಾಗಿ ಹುಡುಕಾಡಿದೆ. ಸಾಫ್ಟ್‌ವೇರಿನವರು ಬರುವ ಸುದ್ದಿ ಹಬ್ಬಿದ ಮೇಲೆ ಸರ್ಕಾರಿ ಗುಮಾಸ್ತನಿಗೆ, ಅದೂ ಎರಡು ಮೂರು ತಿಂಗಳಿಗೆ, ಯಾವ ಮಾಲೀಕ ಬಾಗಿಲು ತೆರೆಯುತ್ತಾನೆ?

ಇಷ್ಟಾದರೂ ಅವ್ವ ಕೂಡಲೇ ಹೊರಡಲಿಲ್ಲ. ಆಕೆಗೊಂದು ಆಸೆ ಇತ್ತು. ಗಡಿಗೆಯಲ್ಲಿ ಮೊಟ್ಟೆ ಬಿದ್ದಿದ್ದವು! ಅವರೆಕಾಳಿಗಿಂತ ಒಂಚೂರು ದೊಡ್ಡ, ಬೆಳ್ಳನೆಯ, ರಾಶಿ ಮೊಟ್ಟೆ. ಜೋಡಿ ಎರಡೂ ಪಾಳಿ ಮೇಲೆ ಕಾವು ಕೊಡುತ್ತಿದ್ದವು. ಫಿಂಚಿನ ಶುಭ ಬಾವಲಿಯ ಅಶುಭವನ್ನು ಹೊಡೆದುಹಾಕುತ್ತದೆಂದು ಅವ್ವ ಎಣಿಸಿದ್ದಳು. ಸುಮಿಯ ಕುಬಸವನ್ನೂ, ಅಂದರೆ ಸೀಮಂತವನ್ನೂ, ಅದೇ ಸಂಭ್ರಮದಲ್ಲಿ ಮಾಡಿ, ಹಸಿರು ಇಳಕಲ್ ಸೀರೆ, ಕುಪ್ಪಸಕ್ಕೆ ಅದಕ್ಕೊಪ್ಪುವ ಖಣ ಕೊಟ್ಟು ಉಡಿ ತುಂಬಿದಳು.

ಮೊಟ್ಟೆ ಒಡೆಯಲಿಲ್ಲ. ಒಡೆಯಬೇಕಾದ ಕಾಲ ಕಳೆದು, ಅದರ ಮೇಲೂ ಕಳೆದು, ಅವ್ವ ಒಂದು ಮೊಟ್ಟೆಯನ್ನು ಕೈಗೆತ್ತಿಕೊಂಡು ಕಿವಿಯ ಹತ್ತಿರ ಅಲುಗಿಸಿ ನೋಡಿ, ಮರಳಿ ಗಡಿಗೆಯಲ್ಲಿಟ್ಟು ಒಳಗೆ ಹೋದಳು. ಸುಮಿ ಗೋಡೆಯ ಕಡೆ ಮುಖ ಮಾಡಿದಳು. ನಾನು ಹತ್ತಿರ ಕೂತೆ.

‘ಅಣ್ಣಾ, ನನಗೂ ಹಂಗ ಆದ್ರ?’ ಎಂದಳು. ‘ನನಗ ಭಾಳ ಅಂಜಿಕಿ ಬರಾಕತ್ತೈತೋ. ರಾತ್ರಿ ಒದೀತಂದ್ರ ಸಮಾಧಾನ, ಒದೀಲಿಲ್ಲಂದ್ರ ಜೀವ ಹಾರತೈತಿ.’

ನಾನು ಎದ್ದು ಸೈಬರ್ ಕೆಫೆಗೆ ಓಡಿದೆ. ಏನಾದರೂ ಗೊತ್ತು ಮಾಡಿಕೊಂಡು ಬಂದರೆ ದುಃಖ ಕಡಿಮೆಯಾಗುತ್ತದೆಂದು ನಂಬುವ ಜಾತಿ ನನ್ನದು. ಅಲ್ಲಿ ಫಿಂಚಿನ ಗಂಡಿನ ಚಿತ್ರ ಮೆಲ್ಲಗೆ ಬಿಚ್ಚಿಕೊಂಡಿತು. ಕೆನ್ನೆಗೆ ಕಿತ್ತಳೆ ಬೊಟ್ಟು, ಸರಿ. ಎದೆಗೆ ಸಣ್ಣ ಸಣ್ಣ ಕರಿ ಪಟ್ಟೆ. ಪಕ್ಕೆಗೆ ಕಂದು ಬಣ್ಣ, ಅದರ ಮೇಲೆ ಬಿಳಿ ಚುಕ್ಕೆ. ನಮ್ಮ ಗಂಡಿಗೆ ಎದೆಪಟ್ಟೆಯೂ ಇಲ್ಲ, ಚುಕ್ಕೆಯೂ ಇಲ್ಲ. ಮನೆಗೆ ಬಂದು ನೋಡಿದರೆ ಕೆನ್ನೆಯ ಬೊಟ್ಟೂ ಇರಲಿಲ್ಲ! ದಿನಾ ಬಟ್ಟಲಲ್ಲಿ ಮುಳುಗಿ ಏಳುತ್ತಿತ್ತಲ್ಲ, ಅಂಗಡಿಯವನು ಹಚ್ಚಿದ ಬಣ್ಣ ಸ್ವಲ್ಪ ಸ್ವಲ್ಪವೇ ತೊಳೆದುಹೋಗಿತ್ತು. ಕಣ್ಣೆದುರಿಗೇ ಮಾಸಿದ್ದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಎರಡೂ ಹೆಣ್ಣು. ಪಾಪ, ಎರಡೂ ಮೊಟ್ಟೆಯಿಟ್ಟು, ಎರಡೂ ನಿಷ್ಠೆಯಿಂದ ಕಾವು ಕೊಟ್ಟಿದ್ದವು.

ಇದಕ್ಕಿಂತ ಒಳ್ಳೆಯ ಸುದ್ದಿ ಉಂಟೇ ಎಂದು ಅವ್ವನ ಮುಂದೆ ನಿಂತು ಎಲ್ಲ ವಿವರಿಸಿದೆ. ಶಕುನವೂ ಅಲ್ಲ, ಅಪಶಕುನವೂ ಅಲ್ಲ, ಹಕ್ಕಿ ಬಜಾರಿನ ಕುಂಚದ ಕೆಲಸ ಎಂದೆ. ಅವ್ವ ಪಂಜರದ ಹತ್ತಿರ ಹೋಗಿ, ಬಣ್ಣ ಕಳೆದುಕೊಂಡ ಹಕ್ಕಿಯನ್ನು ದಿಟ್ಟಿಸಿ ನೋಡಿದಳು.

‘ತಂದಾಗ ಗಂಡ ಇತ್ತು’ ಎಂದಳು. ‘ಬಾವಲಿ ಬಂದ ಮ್ಯಾಲ ಹೆಣ್ಣಾಗೈತಿ. ಗಂಡನ್ನ ಹೆಣ್ಣ ಮಾಡೋವಂಥದ್ದು ನನ್ನ ಮಗಳ ಹೊಟ್ಟಿಗೆ ಏನ್ ಮಾಡೂದಿಲ್ಲ? ಟಿಕೀಟ ತೊಗೊಂಡು ಬಾ.’

ನಗಬೇಡಿ. ನಾನೂ ನಕ್ಕಿದ್ದೆ, ಆದರೆ ಆಕೆ ಹೋಗಿ ಮಗಳ ಹೊಟ್ಟೆಗೆ ತನ್ನ ಸೆರಗು ಹೊದಿಸಿದ್ದು ಕಂಡು ನಗು ನಿಲ್ಲಿಸಿದೆ. ಡಾಕ್ಟರಮ್ಮನ ಮಾತು ನೆನಪಿಸಿದೆ. ವೀರೇಶ ಕೈಮುಗಿದು ಬೇಡಿಕೊಂಡ. ರಾಯಚೂರಿನವರೆಗೆ ರೈಲು, ಅಲ್ಲಿಂದ ಬಸ್ಸು, ಆ ರಸ್ತೆಯ ತಗ್ಗುದಿಣ್ಣೆ, ತುಂಬು ತಿಂಗಳ ಹುಡುಗಿ. ಎಲ್ಲರಿಗೂ ಗೊತ್ತಿತ್ತು. ಅವ್ವನಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು. ಆದರೆ ಎರಡು ಸಲ ಡಾಕ್ಟರ ಮಾತು ಕೇಳಿ ಎರಡು ಸಲ ಮಗಳ ಕೂಸನ್ನು ಕಳಕೊಂಡ ಆಕೆಗೆ ಈಗ ಯಾರ ಮಾತಿನ ಮೇಲೂ ಭರವಸೆ ಉಳಿದಿರಲಿಲ್ಲ. ಕೊನೆಗೆ ಸುಮಿಯೇ, ‘ಹೋಗೂಣು. ಅವ್ವಗ ಸಮಾಧಾನ ಇಲ್ಲಂದ್ರ ನನಗೂ ನಿದ್ದಿ ಬರೂದಿಲ್ಲ’ ಎಂದಳು. ನಾನು ಟಿಕೀಟು ತಂದೆ.

ಹೊರಡುವ ಹಿಂದಿನ ಸಂಜೆ. ಅವ್ವ ಒಳಗೆ ಪೆಟ್ಟಿಗೆ ತುಂಬುತ್ತಿದ್ದಳು. ನಾನೂ ವೀರೇಶನೂ ಹಾಸಿಗೆ ಸುತ್ತಿ ಕಟ್ಟುತ್ತಿದ್ದೆವು. ಸುಮಿ ಎಂದಿನಂತೆ ಪರದೆಯ ಕಡೆ ನೋಡುತ್ತ ಮಲಗಿದ್ದಳು. ಇದ್ದಕ್ಕಿದ್ದಂತೆ, ‘ಅವ್ವಾ!’ ಎಂದು ಚೀರಿದಳು.

ಆ ಚೀರಾಟಕ್ಕೆ ನಮ್ಮ ಮೂವರ ಎದೆಯೂ ಒಡೆಯಿತು. ಅವ್ವ ಕೈಯಲ್ಲಿದ್ದದ್ದನ್ನು ಇಡುವುದನ್ನೂ ಮರೆತು ಓಡಿ ಬಂದು ಮಗಳ ಹೊಟ್ಟೆಯ ಮೇಲೆ ಕೈಯಿಟ್ಟಳು. ಆಕೆಯ ಮುಖ ಅವತ್ತು ಹೇಗಿತ್ತೋ, ಅದನ್ನು ನಾನು ಮತ್ತೊಮ್ಮೆ ನೋಡಲಾರೆ. ಸುಮಿ ತಲೆಯಾಡಿಸಿ, ನೆಲದ ಕಡೆ ಬೆರಳು ತೋರಿಸಿದಳು. ‘ನನಗೇನೂ ಆಗಿಲ್ಲ. ಅಲ್ಲಿ. ತಾಯಿ ಹಾರೂವಾಗ ಬಿತ್ತವ್ವ. ಮರಿ.’

ಬಾಲ್ಕನಿಯ ಕಲ್ಲಿನ ಮೇಲೆ ನೆನೆದ ಶೇಂಗಾ ಬೀಜದಂಥದೊಂದು ಬಿದ್ದಿತ್ತು. ಗುಲಾಬಿ ಬಣ್ಣದ ಬರಿ ಮೈ, ಮುಚ್ಚಿದ ಕಣ್ಣು, ಮಡಚಿದ ಕೊಡೆಯಂಥ ಕೈಗಳು. ನಾನು ಟಾರ್ಚಿನ ಬೆಳಕು ಬಿಟ್ಟೆ. ಅದು ಬಾಯಿ ತೆರೆದು ಮುಚ್ಚಿತು. ದನಿ ಕೇಳಲಿಲ್ಲ. ಇರುವೆಗಳ ಸಾಲೊಂದು ತುಳಸಿಯ ಕುಂಡದಿಂದ ಆ ಕಡೆ ತಿರುಗಿತ್ತು.

‘ಸತ್ತುಹೋಗತೈತೇನವ್ವ?’ ಎಂದಳು ಸುಮಿ. ಕಣ್ಣಿನಿಂದ ನೀರು ಧಾರೆಯಾಗಿ ಕಿವಿಗೆ ಇಳಿಯುತ್ತಿತ್ತು. ‘ಇದೂ ಹೋಗತೈತೇನು?’

ವೀರೇಶ ಮುಂದಡಿಯಿಟ್ಟ. ‘ನೀವು ಮುಟ್ಟಬ್ಯಾಡ್ರಿ!’ ಎಂದು ಗದರಿದಳು ಅವ್ವ. ನನ್ನ ಕಡೆ ನೋಡಿದಳು. ಬಾವಲಿಯ ಬಗ್ಗೆ ಅಷ್ಟೆಲ್ಲ ಓದಿದ್ದ ನಾನು ಟಾರ್ಚನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದೆ. ಮುಟ್ಟುವ ಧೈರ್ಯ ಯಾವ ಸೈಬರ್ ಕೆಫೆಯಲ್ಲೂ ಸಿಗುವುದಿಲ್ಲ ನೋಡಿ.

ಅವ್ವ ಕುಕ್ಕರಗಾಲಿನಲ್ಲಿ ಕೂತಳು. ಒಂದು ಗಳಿಗೆ ಆ ಬಾಯಿ ತೆರೆದು ಮುಚ್ಚುವುದನ್ನು ನೋಡಿದಳು. ಆಮೇಲೆ ಕೈಯಲ್ಲಿದ್ದ ಬಟ್ಟೆಯನ್ನು ಮಡಿಸಿ, ಇರುವೆ ಊದಿ, ಅದನ್ನು ಮೆಲ್ಲಗೆ ಎತ್ತಿಕೊಂಡಳು. ‘ಸ್ಟೂಲ್ ತಾ’ ಎಂದಳು ನನಗೆ. ಮೊಣಕಾಲು ನೋವಿನ ಹೆಂಗಸು ಸ್ಟೂಲು ಹತ್ತಿ, ಕಣ್ಣು ಮುಚ್ಚಿ, ‘ಶಿವಾ, ಶಿವಾ’ ಎನ್ನುತ್ತ ಬಟ್ಟೆಯನ್ನು ಪರದೆಯ ಬಿದಿರಿಗೆ ಆನಿಸಿ ಹಿಡಿದಳು. ತಾಯಿ ಆಕೆಯ ತಲೆಯ ಸುತ್ತ ಸುತ್ತುತ್ತಿತ್ತು. ರೆಕ್ಕೆಯ ಗಾಳಿಗೆ ನೆರೆತ ಕೂದಲು ಅಲ್ಲಾಡುತ್ತಿದ್ದವು. ಅವ್ವ ಅಲುಗಲಿಲ್ಲ. ಮರಿಯ ಕಾಲುಗುರು ಬಿದಿರ ಕಡ್ಡಿಯನ್ನು ಹಿಡಿಯಿತು. ಇನ್ನೊಂದು ಕಾಲೂ ಹಿಡಿಯಿತು. ತಾಯಿ ಬಂದು ಕೂತು, ಕೊಕ್ಕೆ ಬೆರಳಿನಿಂದ ತೆವಳುತ್ತ ತೆವಳುತ್ತ ಹತ್ತಿರ ಸರಿದು, ಕೈ ಬಿಚ್ಚಿ ಅದನ್ನು ಮುಚ್ಚಿಕೊಂಡಿತು.

‘ಹಿಡಕೊಂತವ್ವ, ಹಿಡಕೊಂತು!’ ಸುಮಿ ಅಳುತ್ತಲೇ ನಗುತ್ತಿದ್ದಳು. ಆಮೇಲೆ ಅವ್ವನ ಕೈ ನೋಡಿ, ‘ಅಯ್ಯ, ಅದು ನನ್ನ ಕುಬಸದ ಖಣ ಅಲ್ಲೇನು?’ ಎಂದಳು.

‘ಹೌದು. ತೊಳದ್ರ ಹೋಗತೈತಿ, ಸುಮ್ಮಕಿರು’ ಎಂದು ಅವ್ವ ಸ್ಟೂಲಿನಿಂದ ಇಳಿದು ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಕನ್ನಡಕ ತರಿಸಿ ಹಾಕಿಕೊಂಡು ಮೇಲೆ ನೋಡಿದಳು.

‘ಈಗ ಹಾಲು ಕುಡಸಾಕತ್ತೈತೇನೋ ಅದು?’ ಎಂದು ಕೇಳಿದಳು.

‘ಹೂನವ್ವ.’

‘ಎದಿ ಮ್ಯಾಲ?’

‘ಎದಿ ಮ್ಯಾಲ. ನಮ್ಮಂಗ.’

ಅವ್ವ ಎದ್ದು, ತಲೆ ಮೇಲೆ ನೀರು ಹಾಕಿಕೊಳ್ಳಲು ಬಚ್ಚಲಿಗೆ ಹೊರಟಳು. ಬಾಗಿಲಲ್ಲಿ ನಿಂತು, ‘ನಾಳಿಗೆ ಟಿಕೀಟ ವಾಪಸ್ ಮಾಡಿ ಬಾ’ ಎಂದಳು. ಯಾಕೆಂದು ಕೇಳುವಷ್ಟು ದಡ್ಡನಾಗಿರಲಿಲ್ಲ ನಾನು.

ಆಮೇಲಿನ ದಿನಗಳನ್ನು ಹೇಗೆ ಕಳೆದೆವೋ ನಮಗೇ ಗೊತ್ತು. ಅವ್ವ ದೇವರ ಮುಂದೆ ಕೂತದ್ದೇ ಕೂತದ್ದು. ಮಹಾನವಮಿ ಮುಗಿದ ಮೇಲೆ ಒಂದು ಬೆಳಗ್ಗೆ ದವಾಖಾನೆಯಲ್ಲಿ ಸುಮಿಗೆ ಹೆಣ್ಣು ಕೂಸು ಹುಟ್ಟಿತು. ಹುಟ್ಟಿದ ಕೂಡಲೇ ಅದು ಅತ್ತ ದನಿ ವಾರ್ಡಿನ ಹೊರಗೆ ನಿಂತಿದ್ದ ನಮಗೆಲ್ಲ ಕೇಳಿತು. ವೀರೇಶ ಗೋಡೆಗೆ ಹಣೆ ಹಚ್ಚಿ ಅತ್ತ. ನಾನೂ ಅತ್ತೆ, ಆದರೆ ಕಣ್ಣಿಗೆ ಕಸ ಬಿತ್ತೆಂದು ಹೇಳಿದೆ. ಅವ್ವ ಮಾತ್ರ ಅಳಲಿಲ್ಲ. ಕೂಸನ್ನು ಮಿಯಾಪುರದ ಮನೆಗೇ ತಂದಳು.

ತೊಟ್ಟಿಲಿಗೆ ಹಾಕುವ ದಿನ ಲಿಂಗಸೂಗೂರಿನಿಂದ ಅಯ್ಯನವರು ಬಂದರು. ಅವರಿಗೆ ಫೋನಿನಲ್ಲಿ ತೊಟ್ಟಿಲ ಸುದ್ದಿ ಹೇಳಿದ್ದೆವೇ ಹೊರತು ಉಳಿದದ್ದನ್ನು ಯಾರೂ ಹೇಳಿರಲಿಲ್ಲ. ಎಲ್ಲ ಶಾಸ್ತ್ರ ಮುಗಿದು, ನಡುಮನೆಯಲ್ಲಿ ಬಾಲ್ಕನಿಗೆ ಎದುರಾಗಿ ಕುರ್ಚಿ ಹಾಕಿಕೊಂಡು ಅವರು ಚಹಾ ಕುಡಿಯುತ್ತಿದ್ದಾಗ ಸಂಜೆಯಾಯಿತು. ಪರದೆಯಿಂದ ಒಂದು ಒಣ ಎಲೆ ಉದುರಿ ಮೇಲಕ್ಕೆ ಹೋಯಿತು. ಹಿಂದೆಯೇ ಇನ್ನೊಂದು, ಸ್ವಲ್ಪ ಚಿಕ್ಕದು, ಅಡ್ಡಾದಿಡ್ಡಿಯಾಗಿ. ಅಯ್ಯನವರ ಚಹಾದ ಬಟ್ಟಲು ಬಸಿಯ ಮೇಲೆ ಟಣ್ಣೆಂದಿತು.

‘ಏನವಾ ಇದು? ಇನ್ನೂ ಇಲ್ಲೇ ಇಟಗೊಂಡೀರೇನು? ನಾ ಹೇಳಿದ್ದೇನು, ನೀವು ಮಾಡಿದ್ದೇನು?’

ಅವ್ವ ಕಾಲು ಚಾಚಿ ಕೂತು, ಮೊಮ್ಮಗಳನ್ನು ಕಾಲ ಮೇಲೆ ಮಲಗಿಸಿಕೊಂಡು ಅಂಗಾಲಿಗೆ ಎಣ್ಣೆ ತಿಕ್ಕುತ್ತಿದ್ದಳು. ತಲೆ ಎತ್ತದೆ ಎಣ್ಣೆಗೈಯಿಂದಲೇ ಪರದೆಯ ಕಡೆ ತೋರಿಸಿದಳು.

‘ಆಕಿ ಬಾಣಂತನಕ್ಕ ಬಂದಾಳ್ರೀ ಅಯ್ಯನವರ’ ಎಂದಳು. ‘ಬಾಣಂತನಕ್ಕ ಬಂದಾಕಿಗೆ ನಡುವ ಎದ್ದು ಹೋಗು ಅಂತ ಯಾವ ಬಾಯಿಲೆ ಹೇಳ್ಲಿ?’